ಎಲಾನ್‌ನ ಬೆನ್ನೆಲುಬು

ಹಳೆಯ ಲೋಟಸ್ ಎಲಾನ್ ಕಾರಿನ ಹೆಡ್‌ಲೈಟುಗಳು ಹಗಲೆಲ್ಲ ಮೂತಿಯೊಳಗೆ ಮಲಗಿರುತ್ತವೆ. ಕತ್ತಲಾದಾಗ ಚಾಲಕ ಗುಂಡಿ ಎಳೆದರೆ ಮೇಲೇಳುತ್ತವೆ. ಅವನ್ನು ಎತ್ತುವುದಕ್ಕೆ ಮೋಟಾರಿಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಮ್ಯಾನಿಫೋಲ್ಡಿನಲ್ಲಿ ಉಂಟಾಗುವ ನಿರ್ವಾತವೇ ಆ ಕೆಲಸ ಮಾಡುತ್ತದೆ. ನಿರ್ವಾತವನ್ನು ಕೂಡಿಟ್ಟುಕೊಳ್ಳಲು ಒಂದು ಡಬ್ಬಿ ಬೇಕಲ್ಲ? ಲೋಟಸ್‌ನವರು ಬೇರೆ ಡಬ್ಬಿ ಇಡಲಿಲ್ಲ. ಚಾಸಿಸ್ಸಿನ ಮುಂದಿನ ಅಡ್ಡತೊಲೆ ಹೇಗೂ ಟೊಳ್ಳು, ಅದನ್ನೇ ಮುಚ್ಚಿ ತೊಟ್ಟಿ ಮಾಡಿದರು. ಈ ಬ್ರಿಟಿಷ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್‌ಮನ್ ಅವರ ಎಂಜಿನಿಯರಿಂಗ್ ಬುದ್ಧಿಯೇ ಅಂಥದ್ದು. ಒಂದು ಭಾಗದಿಂದ ಎರಡು ಕೆಲಸ ತೆಗೆಯಬಹುದಾದರೆ ಎರಡನೆಯ ಭಾಗದ ತೂಕವನ್ನು ಕಾರು ಹೊರುವುದೇಕೆ ಎಂಬ ಲೆಕ್ಕಾಚಾರ.

ಹಾಗಾಗಿ ಎಲಾನ್‌ನ ದೀಪ ಏಳದಿದ್ದರೆ, ಎದ್ದದ್ದು ಮೆಲ್ಲಗೆ ಕುಸಿದರೆ, ಬಲ್ಲವರು ಮೊದಲು ರಬ್ಬರ್ ಕೊಳವೆಗಳನ್ನು ನೋಡುತ್ತಾರೆ, ಆಮೇಲೆ ಸ್ವಿಚ್ಚನ್ನು. ಅವೆಲ್ಲ ಸರಿಯಿದ್ದೂ ನಿರ್ವಾತ ನಿಲ್ಲದಿದ್ದರೆ ತೂತು ಬಿದ್ದಿರುವುದು ಚಾಸಿಸ್ಸಿಗೇ. ಮುಂದಿನ ಎರಡು ಚಕ್ರಗಳು ಜೋತುಬಿದ್ದಿರುವುದು ಅದೇ ತೊಲೆಯ ಆಸರೆಯಲ್ಲಿ. ಕಡೆಯ ವರ್ಷಗಳ ಮಾದರಿಗಳಲ್ಲಿ ಈ ಏರ್ಪಾಡನ್ನು ತಿರುವಿ, ನಿರ್ವಾತ ಹೋದರೆ ಸ್ಪ್ರಿಂಗು ದೀಪವನ್ನು ಎತ್ತಿ ನಿಲ್ಲಿಸುವಂತೆ ಮಾಡಿದರು. ರಾತ್ರಿ ರಸ್ತೆಯಲ್ಲಿ ಕುರುಡಾಗುವ ಅಪಾಯ ತಪ್ಪಿತು. ತೊಲೆಯೊಳಗಿನ ತುಕ್ಕಿಗೆ ಅದರಿಂದ ಏನೂ ಆಗಲಿಲ್ಲ.

ಹಳೆಯ ಸ್ಪೋರ್ಟ್ಸ್ ಕಾರುಗಳ ಪುನರುಜ್ಜೀವನ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಹೊಳೆಯುವ ಬಣ್ಣ, ಪಾಲಿಶ್ ಮಾಡಿದ ಕ್ರೋಮ್, ಹೊಸ ತೊಗಲಿನ ಸೀಟು. ಪ್ರದರ್ಶನಗಳಲ್ಲಿ ಬಹುಮಾನ ಬರುವುದೂ ಅವಕ್ಕೇ. ಆದರೆ ಎಲಾನ್‌ನಂಥ ಕಾರಿನಲ್ಲಿ ನಿಜವಾದ ಕೆಲಸ ನಡೆಯುವುದು ಒಮ್ಮೆ ಮುಚ್ಚಿದ ಮೇಲೆ ಯಾರಿಗೂ ಕಾಣದ ಒಂದು ಮಡಿಚಿದ ಉಕ್ಕಿನ ತಗಡಿನ ಮೇಲೆ. ಆ ಕೆಲಸದ ವಿವರಗಳಲ್ಲಿ ನನಗೆ ಅಪಾರ ಆಸಕ್ತಿ. ಅದನ್ನು ಸರಿಯಾಗಿ ಮಾಡುವವರ ಬಗ್ಗೆ ಅದಕ್ಕಿಂತ ಹೆಚ್ಚಿನ ಗೌರವ.

ತಾತ್ಕಾಲಿಕವೆಂದು ಹುಟ್ಟಿದ್ದು

1957ರಲ್ಲಿ ಲೋಟಸ್ ಎಲೀಟ್ ಎಂಬ ಕಾರನ್ನು ಪ್ರದರ್ಶಿಸಿತು. ಅದಕ್ಕೆ ಚಾಸಿಸ್ಸೇ ಇರಲಿಲ್ಲ. ಇಡೀ ಕಾರು ಫೈಬರ್‌ಗ್ಲಾಸಿನ ಒಂದೇ ಚಿಪ್ಪು, ಭಾರ ಹೊರುವುದೂ ಅದೇ. ನೋಡಲು ಬಲು ಸುಂದರವಾದರೂ ತಯಾರಿಸಲು ದುಬಾರಿ. ಅದರ ನಂತರದ ಕಾರೇ ಎಲಾನ್. ಅದರ ವಿನ್ಯಾಸದ ಹೊಣೆ ಹೊತ್ತವರು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ರಾನ್ ಹಿಕ್‌ಮನ್. ಮುಂದೆ ಬಡಗಿಗಳೂ ಮನೆಗೆಲಸದ ಹವ್ಯಾಸಿಗಳೂ ಮೆಚ್ಚಿದ 'ವರ್ಕ್‌ಮೇಟ್' ಮಡಿಚುವ ಮೇಜನ್ನು ರೂಪಿಸಿದ್ದೂ ಅವರೇ. ಎಲಾನ್ ತೆರೆದ ಕಾರು. ಮೇಲ್ಛಾವಣಿ ಇಲ್ಲದ ಫೈಬರ್‌ಗ್ಲಾಸ್ ಚಿಪ್ಪಿಗೆ ತಿರುಚುವಿಕೆಯನ್ನು ತಡೆಯುವಷ್ಟು ಬಿಗುವು ತರುವುದು ಕಷ್ಟವಾಯಿತು. ಅತ್ತ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್‌ಗಳನ್ನು ಓಡಿಸಿ ಪರೀಕ್ಷಿಸುವ ಕೆಲಸ ಕಾಯುವಂತಿರಲಿಲ್ಲ. ಸದ್ಯಕ್ಕೆ ಇರಲಿ ಎಂದು ಚಾಪ್‌ಮನ್ ತಗಡು ಮಡಿಚಿ ಮಾಡಿದ ಒಂದು ಉಕ್ಕಿನ ಚೌಕಟ್ಟನ್ನು ಯೋಜಿಸಿದರು. ಅದು ಎಷ್ಟು ಸರಳವಾಗಿ, ಎಷ್ಟು ಬಿಗುವಾಗಿ ಬಂತೆಂದರೆ ಪರೀಕ್ಷೆಗೆಂದು ಹುಟ್ಟಿದ್ದೇ ಕಾರಿನಲ್ಲಿ ಉಳಿದುಕೊಂಡಿತು. 1962ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಎಲಾನ್ ಜನರ ಮುಂದೆ ಬಂತು.

ಎರಡೂ ತುದಿಯಲ್ಲಿ ಕವೆಯೊಡೆದ ಕೋಲಿನಂತೆ ಆ ಚಾಸಿಸ್ಸಿನ ಆಕಾರ. ನಡುವೆ ಉದ್ದಕ್ಕೂ ಒಂದು ಪೆಟ್ಟಿಗೆಯಾಕಾರದ ಸುರಂಗ. ಅದು ಚಾಲಕ ಮತ್ತು ಜೊತೆಗಾರನ ಸೀಟುಗಳ ನಡುವೆ ಹಾದುಹೋಗುತ್ತದೆ, ಅದರೊಳಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ. ಮುಂದಿನ ಕವೆಯ ನಡುವೆ ಎಂಜಿನ್ನು, ತುದಿಯಲ್ಲಿ ಆ ಅಡ್ಡತೊಲೆ, ಅದರ ಎರಡು ಬದಿಗೆ ಮುಂದಿನ ಸಸ್ಪೆನ್ಷನ್ ಕೂರುವ ಗೋಪುರಗಳು. ಹಿಂದಿನ ಕವೆಯ ನಡುವೆ ಡಿಫರೆನ್ಷಿಯಲ್, ಆಚೀಚೆ ಹಿಂದಿನ ಚಕ್ರಗಳ ಭಾರ ಹೊರುವ ಎರಡು ಗೋಪುರ. ಇಷ್ಟೇ. ಇಬ್ಬರು ಸಲೀಸಾಗಿ ಎತ್ತಿ ಒಯ್ಯುವಷ್ಟು ಹಗುರ. ಇಡೀ ಕಾರಿನ ತೂಕ ಸುಮಾರು 650 ಕೆ.ಜಿ., ನಮ್ಮ ಮಾರುತಿ 800ರ ಆಸುಪಾಸು. ಆದರೆ ಅದರ 1,558 ಸಿ.ಸಿ. ಟ್ವಿನ್‌ಕ್ಯಾಮ್ ಎಂಜಿನ್ ನೂರಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿತ್ತು. ತಿರುವಿನಲ್ಲಿ ಈ ಕಾರು ನಡೆಯುವ ರೀತಿಯನ್ನು ಇಂದಿಗೂ ರೇಸ್ ಕಾರು ವಿನ್ಯಾಸಕರು ಮಾದರಿಯಾಗಿ ಹೇಳುತ್ತಾರೆ. ಮೆಕ್‌ಲಾರೆನ್ ಎಫ್1 ರೂಪಿಸಿದ ಗೋರ್ಡನ್ ಮರ್ರೇ ಎಲಾನ್‌ನ ಸ್ಟಿಯರಿಂಗಿನ ದೊಡ್ಡ ಅಭಿಮಾನಿ. 1989ರ ಮಾಜ್ದಾ ಎಂಎಕ್ಸ್-5 ಹುಟ್ಟಿದ್ದೇ ಈ ಕಾರಿನ ಪ್ರೇರಣೆಯಿಂದ.

ಇನ್ನೊಂದು ಸಂಗತಿ. ಎಲಾನ್ ಅನ್ನು ಪೂರ್ತಿ ಕಾರಾಗಿಯೂ ಕೊಳ್ಳಬಹುದಿತ್ತು, ಬಿಡಿಭಾಗಗಳ ಕಿಟ್ ಆಗಿಯೂ ಕೊಳ್ಳಬಹುದಿತ್ತು. ಕಿಟ್ ತಂದು ಮನೆಯಲ್ಲೇ ಜೋಡಿಸಿಕೊಂಡರೆ ಖರೀದಿ ತೆರಿಗೆ ಬೀಳುತ್ತಿರಲಿಲ್ಲ. 1973ರಲ್ಲಿ ವ್ಯಾಟ್ ಬರುವ ತನಕ ಇದು ನಡೆಯಿತು. ಹೀಗಾಗಿ ಹಲವು ಎಲಾನ್‌ಗಳ ನಟ್ಟು ಬೋಲ್ಟುಗಳನ್ನು ಮೊದಲ ಸಲ ಬಿಗಿದವರು ಕಾರ್ಖಾನೆಯ ಕೆಲಸಗಾರರಲ್ಲ, ಮಾಲೀಕರೇ. ಹಳೆಯ ಎಲಾನ್ ಬಿಚ್ಚುವವನಿಗೆ ಇದು ನೆನಪಿರಬೇಕು. ಒಂದು ಕಾರಿನಲ್ಲಿ ಕಂಡ ಜೋಡಣೆ ಇನ್ನೊಂದರಲ್ಲಿ ಹಾಗೇ ಇರುತ್ತದೆಂದು ನಂಬುವಂತಿಲ್ಲ.

ಮೈ ಹೊಳೆಯುತ್ತದೆ, ಮೂಳೆ ಕರಗುತ್ತದೆ

ಉಕ್ಕಿನ ಮೈಯ ಕಾರಿಗೆ ತುಕ್ಕು ಹಿಡಿದರೆ ಬಾಗಿಲಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದು ಮಾಲೀಕನಿಗೆ ಸುದ್ದಿ ಮುಟ್ಟುತ್ತದೆ. ಫೈಬರ್‌ಗ್ಲಾಸಿನ ಕಾರು ಸುದ್ದಿ ಕೊಡುವುದಿಲ್ಲ. ಅರವತ್ತು ವರ್ಷವಾದರೂ ಮೈ ತುಕ್ಕಿಲ್ಲದೆ ಇರುತ್ತದೆ. ಹೊಸ ಬಣ್ಣ ಹೊಡೆದರಂತೂ ಷೋರೂಮಿನಿಂದ ಬಂದಂತೆ ಕಾಣುತ್ತದೆ. ಕೆಳಗಿನ ಉಕ್ಕು ಮಾತ್ರ ತನ್ನ ಪಾಡಿಗೆ ಸವೆಯುತ್ತಿರುತ್ತದೆ. ಲಾರಿಯ ಚಾಸಿಸ್ಸಿನ ದಪ್ಪ ಪಟ್ಟಿ ಒಂದು ಮಿಲಿಮೀಟರ್ ಕಳೆದುಕೊಂಡರೂ ನಿಭಾಯಿಸಿಕೊಳ್ಳುತ್ತದೆ. ಎಲಾನ್‌ನ ತಗಡಿನ ಒಟ್ಟು ದಪ್ಪವೇ ಒಂದೂವರೆ ಮಿಲಿಮೀಟರಿನ ಆಸುಪಾಸು. ಅಲ್ಲಿ ಕಳೆದುಕೊಳ್ಳಲು ಏನೂ ಇಲ್ಲ.

ಬ್ರಿಟನ್ನಿನ ಚಳಿಗಾಲ ಇದಕ್ಕೆ ಇನ್ನೊಂದು ಶತ್ರುವನ್ನು ಸೇರಿಸುತ್ತದೆ. ಹಿಮ ಕರಗಿಸಲು ರಸ್ತೆಗೆ ಕಲ್ಲುಪ್ಪು ಚೆಲ್ಲುತ್ತಾರೆ. ಚೆಷೈರಿನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕಾಗಿಯೇ ದೊಡ್ಡ ಗಣಿಯಿದೆ. ತುಕ್ಕು ಹಿಡಿಯಲು ಕಬ್ಬಿಣ, ನೀರು, ಆಮ್ಲಜನಕ ಸಾಕು. ನೀರಿನಲ್ಲಿ ಉಪ್ಪು ಕರಗಿದರೆ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಕಬ್ಬಿಣ ಕರಗುವ ರಾಸಾಯನಿಕ ಕ್ರಿಯೆ ಹಲವು ಪಟ್ಟು ಚುರುಕಾಗುತ್ತದೆ. ಸಾಲದ್ದಕ್ಕೆ ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒಣಗಿದಂತೆ ಕಂಡ ಮೂಲೆಯೂ ಒಳಗೆ ಹಸಿಯಾಗಿಯೇ ಇರುತ್ತದೆ. ನಮ್ಮ ಮಂಗಳೂರು, ಕಾರವಾರದ ಕಡೆ ಗಾಡಿ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಚಕ್ರಗಳು ಎರಚುವ ಕೆಸರು ಹೋಗಿ ಕೂರುವುದು ಗೋಪುರಗಳ ಬುಡದಲ್ಲಿ. ನೀರು ಇಳಿದುಹೋಗಲೆಂದು ಬಿಟ್ಟ ಸಣ್ಣ ತೂತುಗಳು ಮಣ್ಣಿನಿಂದ ಕಟ್ಟಿಕೊಂಡರೆ ಆ ಬುಡ ವರ್ಷವಿಡೀ ನೆನೆದಿರುತ್ತದೆ. ಚಕ್ರವನ್ನು ಹಿಡಿದಿರುವ ಕೆಳಗಿನ ವಿಶ್‌ಬೋನ್ ತೋಳಿನ ಬೋಲ್ಟುಗಳು ಹಾಯುವುದೂ ಇದೇ ಜಾಗದಲ್ಲಿ. ಅಲ್ಲಿ ತಗಡು ಹರಿದರೆ ಚಕ್ರವೇ ಕಳಚಿ ಒರಗಬಹುದು. ಇದಕ್ಕಿಂತ ಕಪಟವಾದದ್ದು ತಗಡಿನ ಮೇಲೆ ತಗಡಿಟ್ಟು ಸ್ಪಾಟ್ ವೆಲ್ಡ್ ಮಾಡಿದ ಸಂದು. ಎರಡು ಹಾಳೆಗಳ ನಡುವಿನ ಕೂದಲೆಳೆಯಷ್ಟು ಜಾಗಕ್ಕೆ ನೀರು ತಾನಾಗಿ ನುಗ್ಗುತ್ತದೆ, ಮತ್ತೆ ಹೊರಬರುವುದಿಲ್ಲ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬರ ಎರಡು ಹಾಳೆಗಳನ್ನು ದೂರ ತಳ್ಳಿ ವೆಲ್ಡಿನ ಚುಕ್ಕೆಗಳನ್ನೇ ಕಿತ್ತುಹಾಕುತ್ತದೆ. ಎಂಜಿನ್, ಗೇರ್‌ಬಾಕ್ಸಿನಿಂದ ಎಣ್ಣೆ ಸೋರಿ ಹರಡಿದ ಭಾಗ ಮಾತ್ರ ಎಷ್ಟೋ ಕಾರುಗಳಲ್ಲಿ ಹೊಸದರಂತೆ ಉಳಿದಿರುತ್ತದೆ. ರಕ್ಷಣೆಯ ಲೇಪ ಯಾವ ಗುಣದ್ದಿರಬೇಕು ಎಂಬುದಕ್ಕೆ ಆ ಎಣ್ಣೆಯಲ್ಲೇ ಒಂದು ಸುಳಿವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಬಿಚ್ಚುವುದು, ಅಳೆಯುವುದು, ಬೆತ್ತಲಾಗಿಸುವುದು

ಮೈಯನ್ನು ಚಾಸಿಸ್ಸಿನಿಂದ ಎತ್ತದೆ ಈ ಕೆಲಸ ಆಗುವುದಿಲ್ಲ. ಕಾರಿನಡಿ ಮಲಗಿಕೊಂಡು ಕಂಡಷ್ಟಕ್ಕೆ ಕಪ್ಪು ಬಣ್ಣ ಬಳಿಯುವುದು ರಿಪೇರಿಯಲ್ಲ, ಮರೆಮಾಚುವಿಕೆ. ಚಿಪ್ಪು ಹಗುರವಾದ್ದರಿಂದ ನಾಲ್ಕು ಜನ ಸೇರಿದರೆ ಎತ್ತಬಹುದು. ಕಷ್ಟವಿರುವುದು ಅದಕ್ಕೆ ಮುಂಚಿನ ಕೆಲಸದಲ್ಲಿ. ಸ್ಟಿಯರಿಂಗ್ ದಂಡ, ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರಿಂಗ್ ಎಲ್ಲವನ್ನೂ ಬಿಡಿಸಬೇಕು, ಪ್ರತಿಯೊಂದಕ್ಕೂ ಚೀಟಿ ಕಟ್ಟಬೇಕು, ಫೋಟೊ ತೆಗೆಯಬೇಕು. ಮೈಯನ್ನು ಹಿಡಿದಿರುವ ಬೋಲ್ಟುಗಳು ಫೈಬರ್‌ಗ್ಲಾಸಿನೊಳಗೆ ಹುದುಗಿಸಿದ ಲೋಹದ ಬಾಬಿನ್‌ಗಳಿಗೆ ಹೋಗಿ ಕೂತಿರುತ್ತವೆ. ಬೋಲ್ಟು ಜಾಮಾಗಿದ್ದರೆ ಸ್ಪಾನರಿನ ಬಲಕ್ಕೆ ಬಾಬಿನ್ನೇ ತನ್ನ ಗೂಡಿನಲ್ಲಿ ತಿರುಗಿ ಫೈಬರ್ ಒಡೆಯುತ್ತದೆ. ಉಕ್ಕಿನ ಕಾರಿನಲ್ಲಾದರೆ ಗ್ಯಾಸ್ ಬೆಂಕಿ ಹಿಡಿದು ಬೋಲ್ಟನ್ನು ಸಡಿಲಿಸಬಹುದು, ಇಲ್ಲಿ ರಾಳ ಸುಟ್ಟುಹೋಗುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಹಗುರವಾಗಿ ತಟ್ಟಿ, ಮತ್ತೆ ಎಣ್ಣೆ ಬಿಟ್ಟು ಕಾಯುವುದೊಂದೇ ದಾರಿ.

ಬರಿ ಚಾಸಿಸ್ ಕೈಗೆ ಬಂದ ಕೂಡಲೇ ತೊಳೆಯಲು ಕಳಿಸಬಾರದು, ಮೊದಲು ಅಳೆಯಬೇಕು. ಸಮತಟ್ಟಾದ ಮೇಜಿನ ಮೇಲಿಟ್ಟು ಮೂಲೆಯಿಂದ ಮೂಲೆಗೆ, ಸಸ್ಪೆನ್ಷನ್ ಬಿಂದುವಿನಿಂದ ಬಿಂದುವಿಗೆ ಅಳತೆ ಹಿಡಿದು ಎರಡು ಕರ್ಣಗಳು ಸಮ ಬರುತ್ತವೆಯೇ ನೋಡಬೇಕು. ಇಷ್ಟು ವರ್ಷದ ಸ್ಪೋರ್ಟ್ಸ್ ಕಾರು ಎಲ್ಲೋ ಒಮ್ಮೆ ಫುಟ್‌ಪಾತಿನ ಅಂಚಿಗೋ ಬೇಲಿಗೋ ಗುದ್ದಿರುವ ಸಾಧ್ಯತೆ ಇದ್ದೇ ಇದೆ. ಸೊಟ್ಟಗಾದ ಚಾಸಿಸ್ಸಿಗೆ ಎಷ್ಟು ಒಳ್ಳೆಯ ಲೇಪ ಕೊಟ್ಟರೂ ಕಾರು ನೇರ ಓಡುವುದಿಲ್ಲ.

ಆಮೇಲೆ ಬ್ಲಾಸ್ಟಿಂಗ್. ಒತ್ತಡದ ಗಾಳಿಯಲ್ಲಿ ಒರಟು ಕಣಗಳನ್ನು ಎರಚಿ ಬಣ್ಣ, ತುಕ್ಕು, ಹಳೆಯ ಡಾಂಬರು ಎಲ್ಲವನ್ನೂ ಸುಲಿಯುವ ಕೆಲಸ. ಸಿಲಿಕಾ ಮರಳಿನ ದೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದಕ್ಕೆ ಮದ್ದಿಲ್ಲ. ಆದ್ದರಿಂದ ಗಾರ್ನೆಟ್, ಅಲ್ಯುಮಿನಿಯಂ ಆಕ್ಸೈಡ್‌ನಂಥ ಕಣಗಳನ್ನು ಬಳಸುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಮೂಗಿಗೊಂದು ಕರ್ಚೀಫು ಕಟ್ಟಿಕೊಂಡು ಮರಳು ಹೊಡೆಯುವ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಯಾವ ಕಾರೂ ಅಷ್ಟು ಬೆಲೆಬಾಳುವುದಿಲ್ಲ. ತೆಳು ತಗಡಿಗೆ ಹೊಡೆತದ ಬಲವೂ ಹಿಡಿತದಲ್ಲಿರಬೇಕು. ಕಣಗಳ ಪೆಟ್ಟಿಗೆ ತಗಡಿನ ಒಂದು ಮೈ ಹಿಗ್ಗಿ ಹಾಳೆ ಬಾಗುತ್ತದೆ.

ಈ ಹಂತದಲ್ಲಿ ಮಾಲೀಕರ ಎದೆ ಒಡೆಯುವುದುಂಟು. ಬಣ್ಣದಡಿ ಗಟ್ಟಿಯಾಗಿ ಕಂಡ ಜಾಗದಲ್ಲಿ ಸೂಜಿತೂತುಗಳ ಜಾಲರಿ ತೆರೆದುಕೊಳ್ಳುತ್ತದೆ. ಹಿಂದಿನ ಯಾರೋ ಫೈಬರ್‌ಗ್ಲಾಸ್ ಮೆತ್ತಿ ಮುಚ್ಚಿದ ಬಿರುಕು ಹೊರಬರುತ್ತದೆ. ಆದರೂ ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಅತ್ಯಂತ ಪ್ರಾಮಾಣಿಕ ಗಳಿಗೆ ಇದೇ. ಇಲ್ಲಿಂದ ಮುಂದಿನ ನಿರ್ಧಾರಗಳೆಲ್ಲ ಕಣ್ಣಿಗೆ ಕಂಡ ಲೋಹದ ಮೇಲೆ ನಿಲ್ಲುತ್ತವೆ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆಯಬೇಕು. ಹೊಸ ತುಂಡನ್ನು ಹಳೆಯದರ ಮೇಲೆ ಹೊದಿಸಿ ವೆಲ್ಡ್ ಮಾಡುವುದು ಸುಲಭ, ಆದರೆ ಹೊದಿಸಿದ ಕಡೆಯೆಲ್ಲ ಹೊಸದೊಂದು ಸಂದು ಹುಟ್ಟುತ್ತದೆ. ಅಂಚಿಗೆ ಅಂಚು ಕೂಡಿಸಿ ಬೆಸೆಯಲು ಹೆಚ್ಚು ಹೊತ್ತು ಬೇಕು, ಹೆಚ್ಚು ಕೈಪಳಗಿರಬೇಕು. ಸರಿಯಾದದ್ದು ಅದೇ.

ಬ್ಲಾಸ್ಟ್ ಆದ ಉಕ್ಕು ಬೂದುಬಿಳುಪಾಗಿ, ಮುಟ್ಟಿದರೆ ಉಪ್ಪುಕಾಗದದಂತೆ ತರಕಾಗಿರುತ್ತದೆ. ಐಎಸ್‌ಒ 8501-1 ಮಾನದಂಡದಲ್ಲಿ ಇದಕ್ಕೆ ದರ್ಜೆಗಳಿವೆ. ಒಳ್ಳೆಯ ಪ್ರೈಮರುಗಳು ಕೇಳುವುದು ಎಸ್‌ಎ 2½, ಅಂದರೆ ಅಲ್ಲಲ್ಲಿ ನಸು ಕಲೆಯ ಗುರುತು ಬಿಟ್ಟು ಬೇರೇನೂ ಇರಬಾರದು. ಈ ಬೆತ್ತಲೆ ಉಕ್ಕನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಬೆವರಿನಲ್ಲೂ ಉಪ್ಪಿದೆ. ರಾತ್ರಿಯಿಡೀ ಹಾಗೇ ಬಿಡಲೂಬಾರದು. ತೇವದ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಮೂಡುತ್ತದೆ. ಲೋಹದ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕೆಂಬ ನಿಯಮವನ್ನು ಸೇತುವೆಗೆ ಬಣ್ಣ ಹೊಡೆಯುವವರು ಪಾಲಿಸುತ್ತಾರೆ. ಮನೆಯ ಶೆಡ್ಡಿನಲ್ಲಿ ಕೆಲಸ ಮಾಡುವ ಹವ್ಯಾಸಿಗೂ ಅದು ಅಷ್ಟೇ ಅನ್ವಯ. ಎಷ್ಟೋ ಲೇಪಗಳು ಸಿಪ್ಪೆ ಏಳುವುದಕ್ಕೆ ಡಬ್ಬಿಯಲ್ಲಿದ್ದ ಬಣ್ಣ ಕಾರಣವಲ್ಲ, ಅದರಡಿ ಸಿಕ್ಕಿಕೊಂಡ ಕಣ್ಣಿಗೆ ಕಾಣದ ತೇವ ಕಾರಣ.

ಯಾವ ಲೇಪ?

ಕಾರು ಪ್ರೇಮಿಗಳು ನಾಲ್ಕು ಜನ ಸೇರಿದರೆ ಈ ಪ್ರಶ್ನೆಗೆ ಐದು ಉತ್ತರ ಬರುತ್ತದೆ. ತುಕ್ಕನ್ನು ತಡೆಯಲು ಮೂಲತಃ ಇರುವ ದಾರಿಗಳು ಕೆಲವೇ. ನೀರು ಗಾಳಿ ಮುಟ್ಟದಂತೆ ಹೊದಿಕೆ ಹಾಕುವುದು ಒಂದು. ಉಕ್ಕಿನ ಬದಲು ತಾನು ಸವೆಯುವ ಲೋಹವನ್ನು ಮೇಲೆ ಕೂರಿಸುವುದು ಇನ್ನೊಂದು.

ಹೊದಿಕೆಗಳ ಪೈಕಿ ಈಗ ಹೆಚ್ಚು ಚಾಲ್ತಿಯಲ್ಲಿರುವುದು ಪೌಡರ್ ಕೋಟಿಂಗ್. ಒಣ ಪುಡಿಗೆ ವಿದ್ಯುದಾವೇಶ ಕೊಟ್ಟು ಎರಚಿದರೆ ಅದು ಲೋಹಕ್ಕೆ ಹೋಗಿ ಅಂಟುತ್ತದೆ. ಆಮೇಲೆ ಭಟ್ಟಿಯಲ್ಲಿ 180ರಿಂದ 200 ಡಿಗ್ರಿ ಶಾಖದಲ್ಲಿ ಬೇಯಿಸಿದರೆ ಕರಗಿ ಹರಡಿ ಗಟ್ಟಿ ಪದರವಾಗುತ್ತದೆ. ನುಣುಪು, ಹೊಳಪು, ಹೆಚ್ಚು ದುಬಾರಿಯೂ ಅಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಗೇಟು, ಕಿಟಕಿ ಚೌಕಟ್ಟುಗಳಿಗೆ ಕೊಡುವುದೂ ಇದನ್ನೇ. ಆದರೆ ಚಾಸಿಸ್ ಗೇಟಲ್ಲ. ಆವೇಶ ಹೊತ್ತ ಪುಡಿ ಒಳಮೂಲೆಗಳಿಗೆ ಇಳಿಯಲು ಒಪ್ಪುವುದಿಲ್ಲ, ಹೊರ ಅಂಚುಗಳಿಗೇ ಸೆಳೆದುಹೋಗುತ್ತದೆ. ತುಕ್ಕು ಹುಟ್ಟುವುದೋ ಒಳಮೂಲೆಯಲ್ಲೇ. ಪೆಟ್ಟಿಗೆಯ ಒಳಮೈಗಂತೂ ಪುಡಿ ತಲುಪುವುದೇ ಇಲ್ಲ. ರಸ್ತೆಯ ಕಲ್ಲು ಬಡಿದು ಒಂದು ಚೂರು ಎದ್ದರೆ ನೀರು ಆ ಬಿರುಕಿನಿಂದ ಹೊದಿಕೆಯ ಅಡಿಗೆ ನುಸುಳಿ ಹರಡುತ್ತದೆ. ಮೇಲಿನ ಪದರ ಗಟ್ಟಿಯಾದ್ದರಿಂದ ಕೆಳಗೆ ನಡೆಯುವುದು ಗೊತ್ತಾಗುವುದಿಲ್ಲ.

ಇದಕ್ಕೆ ಕಾರು ಚರಿತ್ರೆಯಲ್ಲೇ ಸಾಕ್ಷಿಗಳಿವೆ. ಬ್ಲ್ಯಾಕ್‌ಪೂಲಿನ ಟಿವಿಆರ್ ಕಂಪನಿ 1990ರ ದಶಕದಲ್ಲಿ ತಯಾರಿಸಿದ ಗ್ರಿಫಿತ್, ಶಿಮೇರಾ ಕಾರುಗಳ ಕೊಳವೆ ಚಾಸಿಸ್ಸಿಗೆ ಪೌಡರ್ ಕೋಟಿಂಗ್ ಇತ್ತು, ಮೇಲೆ ಫೈಬರ್‌ಗ್ಲಾಸ್ ಮೈ. ಆ ಕಾರು ಕೊಳ್ಳುವವರು ಇಂದು ಮೊದಲು ಬಗ್ಗಿ ನೋಡುವುದು ಬಾಗಿಲುಗಳಡಿ ಹೊರಚಾಚಿದ ಔಟ್‌ರಿಗ್ಗರ್ ಕೊಳವೆಗಳನ್ನು. ಇನ್ನೊಂದು ಉದಾಹರಣೆ ಎಲ್ಲರಿಗೂ ಗೊತ್ತಿರುವ ಕಾರು, 'ಬ್ಯಾಕ್ ಟು ದಿ ಫ್ಯೂಚರ್' ಸಿನಿಮಾದ ಡಿಲೋರಿಯನ್. ಹೊರಮೈ ಸ್ಟೇನ್‌ಲೆಸ್ ಸ್ಟೀಲ್, ತುಕ್ಕು ಹಿಡಿಯದ ಕಾರೆಂದೇ ಹೆಸರು. ಅದರ ಒಳಗಿನ ಚಾಸಿಸ್ ಲೋಟಸ್ ಎಂಜಿನಿಯರುಗಳೇ ರೂಪಿಸಿದ, ಎಲಾನ್ ವಂಶದ ಬೆನ್ನೆಲುಬು, ಸಾಧಾರಣ ಉಕ್ಕಿನದು, ಮೇಲೆ ಎಪಾಕ್ಸಿ ಹೊದಿಕೆ. ಕಾಲಾಂತರದಲ್ಲಿ ಆ ಹೊದಿಕೆ ಬಿರಿದ ಕಡೆ ನೀರು ಸೇರಿ, ಸ್ಟೇನ್‌ಲೆಸ್ ಮೈಯಡಿ ಉಕ್ಕು ತಿಂದುಹೋದ ಡಿಲೋರಿಯನ್‌ಗಳಿವೆ.

ಎರಡನೆಯ ದಾರಿ ಸತುವಿನದು. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆಮ್ಲದಲ್ಲಿ ತೊಳೆದ ಉಕ್ಕನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸಿ ಎತ್ತಿದರೆ ಸತು ಬರಿದೆ ಅಂಟುವುದಿಲ್ಲ, ಕಬ್ಬಿಣದೊಡನೆ ಬೆರೆತು ಮಿಶ್ರಲೋಹದ ಪದರಗಳಾಗುತ್ತದೆ. ದ್ರವವಾದ್ದರಿಂದ ಒಳಗೂ ಹೊರಗೂ ಹರಿಯುತ್ತದೆ. ಗೀರು ಬಿದ್ದರೂ ಪಕ್ಕದ ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಬಣ್ಣಕ್ಕೆ ಈ ಗುಣವಿಲ್ಲ. ಲೋಟಸ್ ಕೂಡ ಕೊನೆಗೆ ಇಲ್ಲಿಗೇ ಬಂತು. 1980ರಿಂದ ಎಸ್ಪ್ರಿ ಮತ್ತಿತರ ಕಾರುಗಳಿಗೆ ಹೀಗೆ ಗ್ಯಾಲ್ವನೈಸ್ ಮಾಡಿದ ಚಾಸಿಸ್ ಕೊಡತೊಡಗಿತು. ಎಲಾನ್‌ಗೆ ಬದಲಿಯಾಗಿ ಸಿಗುವ ಹೊಸ ಚಾಸಿಸ್‌ಗಳೂ ಸತು ಲೇಪಿತವಾದವು. ಎಲಾನ್ ತಯಾರಿಕೆ ಅದಕ್ಕೆ ಮುಂಚೆಯೇ, 1973ರಲ್ಲಿ, ನಿಂತಿತ್ತು.

ಹಾಗಾದರೆ ಹಳೆಯ ಚಾಸಿಸ್ಸನ್ನೇ ಸತುವಿನಲ್ಲಿ ಅದ್ದಬಹುದಲ್ಲ? ಅದ್ದಬಹುದು, ಆದರೆ ಅಪಾಯಗಳಿವೆ. ತೆಳು ತಗಡನ್ನು 450 ಡಿಗ್ರಿಗೆ ಒಮ್ಮೆಲೇ ಕಾಯಿಸಿದರೆ ಮಡಿಕೆ, ವೆಲ್ಡಿನಲ್ಲಿ ಸೆರೆಸಿಕ್ಕಿದ ಬಿಗಿತ ಬಿಚ್ಚಿಕೊಂಡು ಚಾಸಿಸ್ ತಿರುಚಿಕೊಳ್ಳಬಹುದು. ಸಂದಿನೊಳಗೆ ಉಳಿದ ಆಮ್ಲ ಆಮೇಲೆ ಒಳಗಿಂದ ಕೊರೆಯಬಹುದು. ಮುಚ್ಚಿದ ಪೆಟ್ಟಿಗೆಯೊಳಗೆ ತೇವ ಸಿಕ್ಕಿಕೊಂಡಿದ್ದರೆ ಆವಿಯಾಗಿ ಸಿಡಿಯುತ್ತದೆ, ಸತುವಿನ ತೊಟ್ಟಿಯ ಪಕ್ಕ ನಿಂತವರ ಜೀವಕ್ಕೇ ಕುತ್ತು. ಅದಕ್ಕೇ ಗಾಳಿಯಾಡುವ ತೂತು ಕೊರೆಯಲೇಬೇಕು. ಎಲಾನ್‌ನ ಮುಂದಿನ ತೊಲೆಗೆ ತೂತು ಕೊರೆದರೆ ಅದು ನಿರ್ವಾತದ ತೊಟ್ಟಿಯಾಗಿ ಉಳಿಯುವುದಿಲ್ಲ, ಮತ್ತೆ ಮುಚ್ಚಬೇಕು.

ನನ್ನ ಅಭಿಪ್ರಾಯ ಹೀಗಿದೆ. ಹೊಸ ಚಾಸಿಸ್ ಕೊಳ್ಳುವುದಾದರೆ ಸತು ಲೇಪಿತವೇ ಸರಿ, ಎರಡನೆಯ ಯೋಚನೆ ಬೇಡ. ಹಳೆಯದನ್ನು ಉಳಿಸಿಕೊಂಡರೆ ಬ್ಲಾಸ್ಟ್ ಆದ ದಿನವೇ ಎರಡು ಸಲ ಎಪಾಕ್ಸಿ ಪ್ರೈಮರ್, ಪ್ರತಿ ಸಂದಿಗೂ ಸೀಮ್ ಸೀಲರ್, ಮೇಲೆ ಎರಡು ಘಟಕಗಳ ಪಾಲಿಯುರಿಥೇನ್ ಬಣ್ಣ. ಬ್ರಷ್ಷಿನಲ್ಲಿ ಅಂಚು, ಮೂಲೆಗಳಿಗೆ ಮೊದಲು ಒಂದು ಕೈ ಕೊಟ್ಟು ಆಮೇಲೆ ಸ್ಪ್ರೇ ಮಾಡಬೇಕು, ಏಕೆಂದರೆ ಒಣಗುವ ಬಣ್ಣ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ. ಈ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಡಿದರೆ ಜೀವಮಾನದ ಆಸ್ತಮಾ ಬರಬಹುದು. ಹೊರಗಿನ ಗಾಳಿ ಒದಗಿಸುವ ಮಾಸ್ಕ್ ಇಲ್ಲದವರು ಕೈ ಹಾಕಬಾರದು. ಪೌಡರಿನಷ್ಟು ಚೆಂದ ಕಾಣದಿರಬಹುದು, ಆದರೆ ಕಲ್ಲು ಬಡಿದ ಜಾಗವನ್ನು ಉಜ್ಜಿ ಮತ್ತೆ ಬಳಿಯಬಹುದು. ರಸ್ತೆಗಿಳಿಯುವ ಕಾರಿಗೆ ರಿಪೇರಿ ಮಾಡಬಲ್ಲ ಲೇಪವೇ ಒಳ್ಳೆಯ ಲೇಪ.

ಹೊರಗೆ ಏನೇ ಬಳಿಯಿರಿ, ಒಳಮೈಗೆ ಮೇಣ ಬೇಕು. ಸೋರಿದ ಎಣ್ಣೆ ಕಾಪಾಡಿದ ಲೋಹದ ಮಾತು ಇಲ್ಲಿ ನೆನಪಾಗಬೇಕು. ಕ್ಯಾವಿಟಿ ವ್ಯಾಕ್ಸ್ ಎಂಬ ಈ ತೆಳು ಮೇಣವನ್ನು ಉದ್ದನೆ ನಳಿಕೆಯಿಂದ ಪೆಟ್ಟಿಗೆಯೊಳಗೆ ಸಿಂಪಡಿಸಿದರೆ ಸಂದುಗಳಿಗೆ ತಾನೇ ಹರಿದು ಸೇರುತ್ತದೆ. ಪೂರ್ತಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುವುದರಿಂದ ಚಾಸಿಸ್ ಮಿಸುಕಿದರೂ ಬಿರಿಯುವುದಿಲ್ಲ. ಮೇಣ ಹೊಡೆದ ಮೇಲೆ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಬೇಕು. ಅದನ್ನು ಮರೆತರೆ ರಕ್ಷಣೆಗೆಂದು ಹೊಡೆದ ಮೇಣವೇ ನೀರು ಕಟ್ಟಿ ನಿಲ್ಲಿಸುತ್ತದೆ.

ಮತ್ತೆ ಜೋಡಿಸುವಾಗ

ಹೊಸ ಲೇಪದ ಖುಷಿಯಲ್ಲಿ ಎರಡು ಸಂಗತಿ ತಪ್ಪಿಹೋಗುತ್ತವೆ. ಸಸ್ಪೆನ್ಷನ್ ಕೂರುವ ಮೈಗಳ ಮೇಲೆ ದಪ್ಪ ಲೇಪವಿದ್ದರೆ ಬೋಲ್ಟಿನ ಒತ್ತಡಕ್ಕೆ ಅದು ಮೆಲ್ಲಗೆ ಹಿಂಡಿಹೋಗಿ ಬಿಗಿತ ಕಳೆದುಕೊಳ್ಳುತ್ತದೆ. ಆ ಮೈಗಳನ್ನು ಮೊದಲೇ ಮುಚ್ಚಿಟ್ಟು ತೆಳು ಪ್ರೈಮರನ್ನಷ್ಟೇ ಬಿಡಬೇಕು. ಇನ್ನೊಂದು ಅರ್ಥಿಂಗ್. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಬ್ಯಾಟರಿಗೆ ಹಿಂದಿರುಗುವ ಕರೆಂಟಿಗೆ ಚಾಸಿಸ್ಸೇ ದಾರಿ. ಅರ್ಥ್ ಪಟ್ಟಿ ಕೂರುವ ಜಾಗವೂ ಲೇಪದಡಿ ಮುಚ್ಚಿಹೋದರೆ ಸ್ಟಾರ್ಟರ್ ನರಳುತ್ತದೆ, ದೀಪ ಮಂಕಾಗುತ್ತದೆ. ಅಲ್ಲಿ ಲೋಹ ಕಾಣುವಷ್ಟು ಉಜ್ಜಿ, ಪಟ್ಟಿ ಬಿಗಿದು, ಮೇಲೆ ಗ್ರೀಸು ಸವರಬೇಕು.

ಮೂಲ ಚಾಸಿಸ್ಸನ್ನೇ ಉಳಿಸಬೇಕೋ ಹೊಸದು ಹಾಕಬಹುದೋ ಎಂಬ ವಾದಕ್ಕೆ ಕೊನೆಯಿಲ್ಲ. ಬ್ರಿಟನ್ನಿನ ನೋಂದಣಿ ಇಲಾಖೆ ಬಹುಕಾಲ ಒಂದು ಅಂಕಪದ್ಧತಿ ಇಟ್ಟುಕೊಂಡಿತ್ತು. ಹೆಚ್ಚು ಮಾರ್ಪಾಡಾದ ಕಾರು ಹಳೆಯ ನಂಬರ್ ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಎಂಜಿನ್ನಿಗೆ 1, ಸ್ಟಿಯರಿಂಗಿಗೆ 2, ಚಾಸಿಸ್ಸಿಗೆ 5. ತಯಾರಕರಿಂದ ಬಂದ ಅದೇ ಮಾದರಿಯ ಹೊಸ ಚಾಸಿಸ್ಸಿಗೂ ಆ ಐದು ಅಂಕ ಸಿಗುತ್ತಿತ್ತು. ನನಗೆ ಅದು ವಿವೇಕದ ನಿಯಮವಾಗಿ ಕಾಣುತ್ತದೆ. ಎಲಾನ್‌ನ ಚಾಸಿಸ್ಸನ್ನು ಕಾರ್ಖಾನೆಯೇ ಬಿಡಿಭಾಗವಾಗಿ ಮಾರುತ್ತಿತ್ತು. ಗಟ್ಟಿಯಿದ್ದರೆ ಹಳೆಯದನ್ನು ಉಳಿಸಿಕೊಳ್ಳಿ. ತೇಪೆಯ ಮೇಲೆ ತೇಪೆ ಬೀಳುವ ಸ್ಥಿತಿಯಿದ್ದರೆ ಮೂಲದ ಮೇಲಿನ ಮೋಹಕ್ಕಿಂತ ಒಳಗೆ ಕೂರುವವರ ಜೀವ ದೊಡ್ಡದು. 2018ರಿಂದ ಅಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅಂದರೆ ಎಲಾನ್‌ನ ಅಡಿಗೆ ಟಾರ್ಚ್ ಹಿಡಿದು ಇಣುಕುವ ಹೊಣೆ ಈಗ ಪೂರ್ತಿ ಮಾಲೀಕರದೇ.

ಇದೆಲ್ಲ ದೂರದ ದೇಶದ ಕಾರಿನ ಕಥೆ ಎನಿಸಿದರೆ, ಬೆಂಗಳೂರಿನಲ್ಲೇ ಇದೇ ಜಾತಿಯ ಕಾರು ತಯಾರಾಗುತ್ತಿತ್ತು ಎಂಬುದನ್ನು ನೆನಪಿಸಬೇಕು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸ ತಂದು ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಡಾಲ್ಫಿನ್ ಹೊರತಂದಿತು. ಅದು ಸ್ಪೋರ್ಟ್ಸ್ ಕಾರಲ್ಲ, 848 ಸಿ.ಸಿ.ಯ ಪುಟ್ಟ ಸಂಸಾರದ ಗಾಡಿ. ಆದರೆ ಕಟ್ಟಿದ ಬಗೆ ಅದೇ, ಕೆಳಗೆ ಉಕ್ಕಿನ ಚಾಸಿಸ್, ಮೇಲೆ ತುಕ್ಕು ಹಿಡಿಯದ ಫೈಬರ್‌ಗ್ಲಾಸ್ ಮೈ. ಉಳಿದಿರುವ ಡಾಲ್ಫಿನ್‌ಗಳು ಈಗ ಬೆರಳೆಣಿಕೆಯಷ್ಟು. ಮೈ ಚೆನ್ನಾಗಿದೆಯೆಂದು ಅವುಗಳ ಒಡೆಯರು ನೆಮ್ಮದಿಯಾಗಿದ್ದರೆ ದಯವಿಟ್ಟು ಒಮ್ಮೆ ಅಡಿಗೆ ಬಗ್ಗಿ, ಚಾಸಿಸ್ಸನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಲಿ. ಎಲಾನ್‌ಗೆ ಸಿಗುವಂತೆ ಡಾಲ್ಫಿನ್‌ಗೆ ಹೊಸ ಚಾಸಿಸ್ ಅಂಗಡಿಯಲ್ಲಿ ಸಿಗುವುದಿಲ್ಲ. ತಗಡು ಮಡಿಚಿ ಹೊಸದು ಮಾಡಬಲ್ಲ ಟಿಂಕರಿಂಗ್ ಮೇಸ್ತ್ರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ, ಆದರೆ ಅವರಿಗೂ ಅಳತೆ ಬೇಕು. ಗಟ್ಟಿಯಾಗಿ ಉಳಿದ ಒಂದಾದರೂ ಡಾಲ್ಫಿನ್‌ನ ಮೈ ಎತ್ತಿ, ಚಾಸಿಸ್ಸಿನ ಅಳತೆಗಳನ್ನೆಲ್ಲ ಕಾಗದಕ್ಕೆ ಇಳಿಸುವ ಕೆಲಸವನ್ನು ಯಾರಾದರೂ ಈಗಲೇ ಕೈಗೆತ್ತಿಕೊಳ್ಳಬೇಕು.